ಲಂಟಾನ ಪೊದೆಯಿಂದ ಉರುವಲು

ರಾಗಿ ಒಕ್ಕಣೆ ಮುಗಿದು ಹುಲ್ಲು ಬಣವೆ ಏರಿತೆಂದರೆ ಬೆಂಗಳೂರು ಪೂರ್ವ ತಾಲ್ಲೂಕಿನ ಬಿದರಹಳ್ಳಿ, ವರ್ತೂರು ಹೋಬಳಿಗಳ ರೈತರಿಗೆ ಮಳೆಗಾಲದವರೆಗೆ ಒಂದು ಚಿಂತೆ ತಪ್ಪದು. ಅದು ಬೆಂಕಿಯ ಚಿಂತೆ. ಪಕ್ಕದ ಜಮೀನು ಬೀಳು ಬಿದ್ದಿರುತ್ತದೆ. ಅದರ ಒಡೆಯ ಊರಲ್ಲಿರುವುದಿಲ್ಲ. ಬಡಾವಣೆಯಾಗುವ ದಿನ ಕಾಯುತ್ತ ಪಟ್ಟಣದಲ್ಲಿರುತ್ತಾನೆ. ಅಲ್ಲಿ ಆಳೆತ್ತರ ಬೆಳೆದ ಲಂಟಾನ ಪೊದೆ ಶಿವರಾತ್ರಿಯ ಹೊತ್ತಿಗೆ ಎಲೆ ಉದುರಿಸಿ, ಕಡ್ಡಿ ಕಡ್ಡಿಯಾಗಿ ಒಣಗಿ ನಿಂತಿರುತ್ತದೆ. ಸೇದಿ ಎಸೆದ ಒಂದು ಬೀಡಿ ಸಾಕು. ಎಷ್ಟೋ ಸಲ ಅದೂ ಬೇಕಿಲ್ಲ. ಬದು ಚೊಕ್ಕಟವಾಗಲಿ ಎಂದು ರೈತನೇ ಕಡ್ಡಿ ಗೀರುತ್ತಾನೆ. ಗಾಳಿ ತಿರುಗಿದರೆ ಒಂದು ಜೊತೆ ಹಸುಗಳ ಇಡೀ ವರ್ಷದ ಮೇವು ಅರ್ಧ ಗಂಟೆಯಲ್ಲಿ ಬೂದಿ.

ಹೀಗೆ ಸುಟ್ಟಿದ್ದರಿಂದ ಲಂಟಾನವಾದರೂ ಸತ್ತಿತೇ ಎಂದರೆ ಅದೂ ಇಲ್ಲ. ನೆಲದ ಮೇಲಿನ ಕಡ್ಡಿ ಸುಟ್ಟಿತು, ಬುಡ ಉಳಿಯಿತು. ಮುಂಗಾರಿನ ಎರಡು ಮಳೆ ಬಿದ್ದೊಡನೆ ಒಂದು ಬುಡದಿಂದ ಹತ್ತಾರು ಚಿಗುರು ಏಳುತ್ತವೆ. ಬೂದಿಯೇ ಅದಕ್ಕೆ ಗೊಬ್ಬರ. ಪಕ್ಕದ ಹುಲ್ಲು, ಗಿಡಗಂಟೆಗಳು ಸುಟ್ಟುಹೋಗಿದ್ದರಿಂದ ಬಿಸಿಲಿಗೂ ನೀರಿಗೂ ಪೈಪೋಟಿ ಇಲ್ಲ. ಬೆಂಕಿ ಹಚ್ಚಿದ ರೈತ ಕಳೆಯನ್ನು ಕೊಂದೆನೆಂದು ತಿಳಿದು ಅದನ್ನು ಸಾಕಿದಂತಾಗುತ್ತದೆ. ಜೊತೆಗೆ ಒಲೆಗೆ ಆಗಬಹುದಾಗಿದ್ದ ಉರುವಲೂ ಹೊಗೆಯಾಗಿ ಹೋಯಿತು.

ಇಲ್ಲಿಂದ ಸುಮಾರು ಇಪ್ಪತ್ತು ಕಿಲೊಮೀಟರ್ ಪಶ್ಚಿಮಕ್ಕೆ, ಶಿವಾಜಿನಗರ, ಹಲಸೂರುಗಳ ಕಡೆ, ಸೌದೆ ಉರಿಸುವ ಬೇಕರಿ ಗೂಡುಗಳೂ ಇದ್ದಿಲು ಬೇಕಾದ ಕಬಾಬ್ ಅಂಗಡಿಗಳೂ ಇಸ್ತ್ರಿ ಗಾಡಿಗಳೂ ಇಂದಿಗೂ ಇವೆ. ಪೂರ್ವಕ್ಕೆ ಹೋದರೆ ಹೊಸಕೋಟೆ, ಮಾಲೂರುಗಳ ಇಟ್ಟಿಗೆ ಗೂಡುಗಳಿವೆ. ಬೆಂಗಳೂರಿನ ಸೌದೆಯನ್ನು ಕುರಿತು ಭಾರತೀಯ ವಿಜ್ಞಾನ ಸಂಸ್ಥೆಯ ಅಮೂಲ್ಯ ಕುಮಾರ್ ರೆಡ್ಡಿ ಮತ್ತು ಸುಧಾಕರ ರೆಡ್ಡಿ 1983ರಲ್ಲಿ ಅಧ್ಯಯನವೊಂದನ್ನು ಪ್ರಕಟಿಸಿದರು. ಆಗಲೇ ನಗರದ ಸೌದೆ ದೂರದ ಊರುಗಳಿಂದ ಲಾರಿಯಲ್ಲಿ ಬರುತ್ತಿತ್ತು. ಹೀಗಿರುವಾಗ ಊರ ಪಕ್ಕದಲ್ಲೇ ಬೆಳೆದು ಊರನ್ನೇ ಹೆದರಿಸುವ ಈ ಪೊದೆಯನ್ನು ಉರುವಲಾಗಿ ಮಾಡಬಹುದೇ? ಮಾಡಬಹುದು. ಆದರೆ ಅದರಲ್ಲಿ ಲಾಭ ಎಲ್ಲಿದೆ, ಎಲ್ಲಿ ಇಲ್ಲ ಎಂಬುದನ್ನು ಮೊದಲೇ ತಿಳಿದಿರುವುದು ಲೇಸು.

ಗಿಡದ ಪೂರ್ವೋತ್ತರ

ಲಂಟಾನ ಈ ನೆಲದ ಗಿಡವಲ್ಲ. ಅದರ ತವರು ಅಮೆರಿಕ ಖಂಡದ ಉಷ್ಣಪ್ರದೇಶ. ಹತ್ತೊಂಬತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಹೂವಿನ ಗಿಡವಾಗಿ ಬಂದಿತು. ಬೆಂಗಳೂರಿನ ದಂಡು ಪ್ರದೇಶ ನೆಲೆಗೊಂಡದ್ದೂ 1809ರಲ್ಲಿ, ಹೆಚ್ಚುಕಡಿಮೆ ಅದೇ ಕಾಲದಲ್ಲಿ. ದೇಶದ ಉದ್ದಗಲಕ್ಕೂ ಬಂಗಲೆಗಳ ಕೈತೋಟಗಳಲ್ಲಿ ಇದನ್ನು ಅಲಂಕಾರಕ್ಕೂ ಬೇಲಿಗೂ ಬೆಳೆಸಿದರು. ಒಂದೇ ಗೊಂಚಲಿನಲ್ಲಿ ಹಳದಿ, ಕಿತ್ತಳೆ, ಕೆಂಪು ಬಣ್ಣದ ಹೂ, ದನ ಮೇಯುವುದಿಲ್ಲ, ನೀರು ಹಾಕುವ ಗೋಜಿಲ್ಲ. ಬೇಲಿಗೆ ಇನ್ನೇನು ಬೇಕು? ಬೇಲಿ ಹಾರಿ ಅದು ಹೊರಗೆ ಹೋಗುವುದೆಂದು ಆಗ ಯಾರೂ ಎಣಿಸಿರಲಿಲ್ಲ. ಮಾಗಿದ ಕಪ್ಪು ಹಣ್ಣನ್ನು ಹಕ್ಕಿಗಳು ತಿಂದು ಹೊಲದ ಬದುವಿನ ಮರದ ಮೇಲೋ ತಂತಿಯ ಮೇಲೋ ಕೂರುತ್ತವೆ. ಆ ತಂತಿಯ ಕೆಳಗೆ ಮರುವರ್ಷ ಲಂಟಾನದ ಸಾಲು ತಾನಾಗಿ ಏಳುತ್ತದೆ.

ಚದುರಂಗಿ ಎಂದೂ ನಾತದ ಹೂವಿನ ಗಿಡ ಎಂದೂ ಕೆಲವು ಕಡೆ ಇದಕ್ಕೆ ಹೆಸರುಂಟು. ಎಲೆ ಉಜ್ಜಿದರೆ ಬರುವ ವಾಸನೆಯೇ ಎರಡನೆಯ ಹೆಸರಿಗೆ ಕಾರಣ. ಎಲೆಯಲ್ಲಿ ಲಂಟಡೀನ್ ಎಂಬ ವಿಷವಸ್ತುಗಳಿವೆ. ಬರಗಾಲದಲ್ಲಿ ಮೇವಿಲ್ಲದೆ ಇದನ್ನು ತಿಂದ ದನಗಳಿಗೆ ಪಿತ್ತಜನಕಾಂಗ ಕೆಟ್ಟು ಕಾಮಾಲೆಯಾಗುತ್ತದೆ. ಬಿಸಿಲಿಗೆ ಬಿಟ್ಟರೆ ಚರ್ಮ, ಅದರಲ್ಲೂ ಬಿಳಿ ಬಣ್ಣದ ಭಾಗ, ಸುಟ್ಟಂತೆ ಬಿರಿಯುತ್ತದೆ. ಹೊಸದಾಗಿ ಕೊಂಡು ತಂದ ದನ ಈ ಗಿಡದ ಪರಿಚಯವಿಲ್ಲದೆ ಬಾಯಿ ಹಾಕುವುದುಂಟು. ಕಡಿದ ಲಂಟಾನವನ್ನು ಕೊಟ್ಟಿಗೆಯ ಹತ್ತಿರ ಒಣಗಲು ಹಾಕಬಾರದೆಂಬುದಕ್ಕೆ ಇದೂ ಒಂದು ಕಾರಣ.

ಕೀಟಗಳನ್ನು ಬಿಟ್ಟು ಇದನ್ನು ಹತೋಟಿಗೆ ತರುವ ಪ್ರಯತ್ನ ಹಳೆಯದು. 1921ರಲ್ಲಿ ಹವಾಯಿ ದ್ವೀಪದಿಂದ ಬೀಜ ಕೊರೆಯುವ ನೊಣವನ್ನೂ 1941ರಲ್ಲಿ ಆಸ್ಟ್ರೇಲಿಯಾದಿಂದ ಎಲೆಯ ರಸ ಹೀರುವ ತಿಗಣೆಯನ್ನೂ ತಂದರು. ಎರಡೂ ಇಲ್ಲಿ ನೆಲೆಯೂರಿವೆ, ಲಂಟಾನವೂ ನೆಲೆಯೂರಿದೆ. ಹುಲಿಗಳಿರುವ ಕಾಡುಗಳನ್ನು ಸಮೀಕ್ಷಿಸಿ 2020ರಲ್ಲಿ ಪ್ರಕಟವಾದ ಅಧ್ಯಯನವೊಂದು, ದೇಶದಲ್ಲಿ ಸುಮಾರು 1,54,000 ಚದರ ಕಿಲೊಮೀಟರ್ ಕಾಡನ್ನು ಇದು ಆಕ್ರಮಿಸಿದೆ ಎಂದು ಅಂದಾಜು ಮಾಡಿತು. ಕರ್ನಾಟಕ ರಾಜ್ಯದ ಒಟ್ಟು ವಿಸ್ತೀರ್ಣ ಸುಮಾರು 1,92,000 ಚದರ ಕಿಲೊಮೀಟರ್ ಎಂಬುದನ್ನು ನೆನೆದರೆ ಅದರ ಅಗಾಧತೆ ತಿಳಿಯುತ್ತದೆ.

ಬೆಂಕಿ ಹತ್ತುವ ಬಗೆ

ಒಂದು ದಪ್ಪ ದಿಮ್ಮಿಗೆ ಬೆಂಕಿ ಹಚ್ಚುವುದು ಎಷ್ಟು ಕಷ್ಟ, ಅದನ್ನೇ ಸೀಳಿ ಚಕ್ಕೆ ಮಾಡಿದರೆ ಎಷ್ಟು ಸುಲಭ ಎಂಬುದು ಒಲೆ ಹಚ್ಚುವ ಪ್ರತಿ ಗೃಹಿಣಿಗೂ ಗೊತ್ತು. ತೆಳುವಾದ ಕಡ್ಡಿಗೆ ತೂಕದ ಹೋಲಿಕೆಯಲ್ಲಿ ಮೈ ಹೆಚ್ಚು. ಗಾಳಿ ಎಲ್ಲ ಕಡೆಯಿಂದಲೂ ತಾಗುತ್ತದೆ. ಒಳಗಿನ ತೇವ ಬೇಗ ಆರುತ್ತದೆ. ಲಂಟಾನ ಪೊದೆ ಹುಟ್ಟಾ ಚಕ್ಕೆಯ ರಾಶಿ. ಹೊರಗೆ ಹಸಿರಾಗಿ ಕಂಡರೂ ಪೊದೆಯೊಳಗೆ ಹಿಂದಿನ ವರ್ಷಗಳ ಸತ್ತ ಕಡ್ಡಿಗಳು ಒಂದಕ್ಕೊಂದು ಹೆಣೆದುಕೊಂಡು, ನೆಲಕ್ಕೆ ತಾಗದೆ, ನಡುವೆ ಗಾಳಿಗೆ ದಾರಿ ಬಿಟ್ಟು ನಿಂತಿರುತ್ತವೆ. ಒಲೆಯಲ್ಲಿ ಸೌದೆ ಜೋಡಿಸಲು ಬಲ್ಲವರು ಇದಕ್ಕಿಂತ ಚೆನ್ನಾಗಿ ಜೋಡಿಸಲಾರರು.

ಕಾಡಿನಲ್ಲಿ ಇನ್ನೊಂದು ಅಪಾಯ ಸೇರುತ್ತದೆ. ನೆಲದ ತರಗೆಲೆಗೆ ಹತ್ತಿದ ಬೆಂಕಿ ಸಾಮಾನ್ಯವಾಗಿ ಮೊಣಕಾಲೆತ್ತರ ಉರಿದು ಮುಂದೆ ಸಾಗುತ್ತದೆ. ದೊಡ್ಡ ಮರಗಳ ತೊಗಟೆ ಕಪ್ಪಾದರೂ ಮರ ಬದುಕುತ್ತದೆ. ಲಂಟಾನ ನಡುವೆ ಬಂದರೆ ಅದು ಏಣಿಯಾಗುತ್ತದೆ. ಮರದ ಮೇಲೆ ಹಬ್ಬಿ ನಿಂತ ಒಣ ಕಡ್ಡಿಗಳ ಮೂಲಕ ಬೆಂಕಿ ಕೊಂಬೆಗೆ ಏರುತ್ತದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ ಬೇಸಿಗೆಯ ಆರಂಭದಲ್ಲೇ, ಇನ್ನೂ ನೆಲದಲ್ಲಿ ತೇವವಿರುವಾಗ, ತರಗು ಬೆಂಕಿ ಎಂಬ ಸಣ್ಣ ಬೆಂಕಿಯನ್ನು ಹಚ್ಚುತ್ತಿದ್ದರು. ಆ ಕಾಡು 1974ರಲ್ಲಿ ಅಭಯಾರಣ್ಯವಾದ ಮೇಲೆ ಅದು ನಿಂತಿತು. ತರಗು ಬೆಂಕಿ ನಿಂತದ್ದರಿಂದಲೇ ಲಂಟಾನ ಹೆಚ್ಚಿತೆಂದು ಸೋಲಿಗರು ಹೇಳುತ್ತಾರೆ. ವಿಜ್ಞಾನಿಗಳು ಈ ಮಾತನ್ನು ಗಂಭೀರವಾಗಿಯೇ ತೆಗೆದುಕೊಂಡಿದ್ದಾರೆ. ಆದರೆ ಲಂಟಾನ ಒಮ್ಮೆ ತುಂಬಿಕೊಂಡ ಮೇಲೆ ಅದೇ ಸಣ್ಣ ಬೆಂಕಿ ಸಣ್ಣದಾಗಿ ಉಳಿಯುವುದಿಲ್ಲ. 2019ರ ಫೆಬ್ರವರಿಯಲ್ಲಿ ಬಂಡೀಪುರದ ಗೋಪಾಲಸ್ವಾಮಿ ಬೆಟ್ಟದ ಸುತ್ತ ಸಾವಿರಾರು ಎಕರೆ ಕಾಡು ಸುಟ್ಟಾಗ ಒಣಗಿ ನಿಂತ ಲಂಟಾನ ಬೆಂಕಿಗೆ ಒದಗಿದ ಮೇವುಗಳಲ್ಲಿ ಒಂದಾಗಿತ್ತು.

ಇದು ಬೆಟ್ಟದ ಮಾತು, ಊರಿಗೆ ಇದು ಬಾರದು ಎನ್ನುವಂತಿಲ್ಲ. 2018ರ ಜನವರಿ 19ರಂದು ಬೆಳ್ಳಂದೂರು ಕೆರೆಯಂಗಳದ ಒಣ ಹುಲ್ಲು, ಗಿಡಗಂಟೆಗೆ ಬೆಂಕಿ ಬಿದ್ದಾಗ ಅದನ್ನು ಆರಿಸಲು ಸೇನೆಯ ಸುಮಾರು 5,000 ಯೋಧರು ಕೈಜೋಡಿಸಬೇಕಾಯಿತು. ಅಲ್ಲಿದ್ದುದು ಲಂಟಾನವಲ್ಲ ನಿಜ. ಆದರೆ ತೆಳು, ಒಣ, ಗಾಳಿಯಾಡುವ ಸೊಪ್ಪುಸದೆ ಊರ ನಡುವೆ ರಾಶಿಯಾಗಿ ನಿಂತರೆ ಏನಾಗಬಹುದೆಂಬುದಕ್ಕೆ ಅಷ್ಟು ನಿದರ್ಶನ ಸಾಕು.

ಬುಡ ಕೀಳುವ ಕ್ರಮ

ಉರುವಲಿಗೆಂದು ಲಂಟಾನವನ್ನು ನೆಲಮಟ್ಟಕ್ಕೆ ಕಡಿದರೆ ಸುಟ್ಟಷ್ಟೇ ಕೆಟ್ಟ ಫಲ. ಕಡಿದ ಬುಡ ಮತ್ತೆ ಚಿಗುರುತ್ತದೆ. ಹಾರೆಯಿಂದ ಇಡೀ ಬೇರನ್ನು ಅಗೆದು ತೆಗೆಯುವುದೂ ಬೇಡ. ಅದರಿಂದ ಮಣ್ಣು ಸಡಿಲವಾಗಿ, ಹುದುಗಿದ್ದ ಬೀಜಗಳೆಲ್ಲ ಮೊಳೆಯುತ್ತವೆ, ಕೂಲಿಯೂ ಹೆಚ್ಚು. ದೆಹಲಿ ವಿಶ್ವವಿದ್ಯಾಲಯದ ಸಿ. ಆರ್. ಬಾಬು ಮತ್ತು ಸಂಗಡಿಗರು ಇವೆರಡರ ನಡುವಿನ ಒಂದು ಕ್ರಮವನ್ನು ರೂಪಿಸಿ 2009ರಲ್ಲಿ ಪ್ರಕಟಿಸಿದರು. ಚಿಗುರೊಡೆಯುವ ಶಕ್ತಿ ಇರುವುದು ಕಾಂಡ ಮತ್ತು ಬೇರು ಕೂಡುವ ಗಂಟಿನಲ್ಲಿ. ಆ ಗಂಟಿನ ಕೆಳಗೆ, ನೆಲದಿಂದ ಮೂರರಿಂದ ಐದು ಸೆಂಟಿಮೀಟರ್ ಆಳದಲ್ಲಿ, ತಾಯಿಬೇರನ್ನು ಕತ್ತರಿಸಿದರೆ ಉಳಿದ ಬೇರು ಚಿಗುರದೆ ಕೊಳೆಯುತ್ತದೆ.

ಇದಕ್ಕೆ ಉದ್ದ ಹಿಡಿಯ, ಅಗಲ ಕಡಿಮೆಯ ಗುದ್ದಲಿ ಅಥವಾ ಪಿಕಾಸಿ ಸಾಕು. ಗಿಡಕ್ಕೆ ಬೆನ್ನು ಮಾಡಿ ನಿಂತು, ಕಾಲುಗಳ ನಡುವಿನಿಂದ ಬುಡಕ್ಕೆ ಏಟು ಹಾಕಿದರೆ ಮುಳ್ಳು ಮುಖಕ್ಕೆ ತಾಗದು. ಎರಡು ಮೂರು ಏಟಿಗೆ ಬೇರು ತುಂಡಾಗುತ್ತದೆ. ಬಳಿಕ ಪೊದೆಯನ್ನು ಎತ್ತಿ ಬುಡ ಮೇಲಾಗಿ, ತಲೆಕೆಳಗಾಗಿ ಇಡಬೇಕು. ಬುಡ ಮಣ್ಣಿಗೆ ತಾಗಿದ್ದರೆ ಒಂದೇ ಮಳೆಗೆ ಮತ್ತೆ ಬೇರು ಬಿಡುವ ಮೊಂಡ ಗಿಡ ಇದು.

ಕಾಲವೂ ಮುಖ್ಯ. ಹಿಂಗಾರು ಮಳೆ ನಿಂತು ನೆಲ ಇನ್ನೂ ಮೆತ್ತಗಿರುವ ನವೆಂಬರ್, ಡಿಸೆಂಬರ್ ತಿಂಗಳು ಪ್ರಶಸ್ತ. ಬೇರು ಸುಲಭವಾಗಿ ಬರುತ್ತದೆ. ಮುಂದೆ ಒಣ ಹವೆ ಇರುವುದರಿಂದ ಕಡ್ಡಿ ಬೇಗ ಒಣಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಬೆಂಕಿಯ ಕಾಲ ಬರುವ ಮೊದಲೇ ಬದು ಬರಿದಾಗಿರುತ್ತದೆ. ಮಾರ್ಚಿಯಲ್ಲಿ ಎದ್ದು ಕೆಲಸ ಹಿಡಿದರೆ ನೆಲ ಕಲ್ಲಾಗಿರುತ್ತದೆ. ಮಾಗಿದ ಹಣ್ಣಿರುವ ಗೊಂಚಲುಗಳನ್ನು ಕಿತ್ತು ಒಂದೆಡೆ ಹಾಕುವುದು ಲೇಸು. ಎಳೆದುಕೊಂಡು ಹೋದ ದಾರಿಯುದ್ದಕ್ಕೂ ಬೀಜ ಚೆಲ್ಲುವ ಹೊರೆ ಕಳೆಯನ್ನು ಕಿತ್ತಂತಲ್ಲ, ಬಿತ್ತಿದಂತೆ.

ಒಣಗಿಸುವುದೇ ಅರ್ಧ ಕೆಲಸ

ತೇವ ಪೂರ್ತಿ ತೆಗೆದ ಲಂಟಾನದ ಕಡ್ಡಿಯಲ್ಲಿ ಕಿಲೊಗೆ ಸುಮಾರು 4,000ದಿಂದ 4,500 ಕಿಲೊ ಕ್ಯಾಲೊರಿ ಶಾಖವಿದೆ. ಜಾಲಿ, ನೀಲಗಿರಿ ಸೌದೆಗಳಿಗೆ ಇದು ಕಡಿಮೆಯೇನಲ್ಲ. ಕಡ್ಡಿ ತೆಳುವಾದ ಮಾತ್ರಕ್ಕೆ ಅದರಲ್ಲಿ ಶಾಖ ಕಡಿಮೆ ಎಂದುಕೊಳ್ಳುವುದು ತಪ್ಪು. ಶಾಖ ಇರುವುದು ತೂಕದಲ್ಲಿ.

ಆದರೆ ಹಸಿ ಕಡ್ಡಿಯ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಒಂದು ಕಿಲೊ ನೀರನ್ನು ಆವಿ ಮಾಡಲು ಸುಮಾರು 600 ಕಿಲೊ ಕ್ಯಾಲೊರಿ ಬೇಕು. ಒಣ ಪದಾರ್ಥಕ್ಕೆ 4,200 ಎಂದು ಹಿಡಿದು ಲೆಕ್ಕ ಹಾಕಿದರೆ, ಅರ್ಧ ತೇವದ ಒಂದು ಕಿಲೊ ಹಸಿ ಕಡ್ಡಿಯಿಂದ ಸಿಗುವುದು 2,100ರಲ್ಲಿ 300 ಕಳೆದು 1,800 ಮಾತ್ರ. ಅದೇ ಕಡ್ಡಿಯನ್ನು ಶೇಕಡಾ 15 ತೇವಕ್ಕೆ ಒಣಗಿಸಿದರೆ ಕಿಲೊಗೆ ಸುಮಾರು 3,500 ಸಿಗುತ್ತದೆ. ಇದು ಕಾಗದದ ಲೆಕ್ಕ. ಒಲೆಯಲ್ಲಿ ಆಗುವ ನಷ್ಟ ಇದಕ್ಕಿಂತ ದೊಡ್ಡದು. ಏಕೆಂದರೆ ಹಸಿ ಸೌದೆಯ ಉರಿ ತಣ್ಣಗಿರುತ್ತದೆ, ಸೌದೆಯಿಂದ ಹೊರಟ ಅನಿಲ ಪೂರ್ತಿ ಉರಿಯದೆ ಹೊಗೆಯಾಗಿ ಹೋಗುತ್ತದೆ. ಕಣ್ಣುರಿಸುವ ಆ ಹೊಗೆಯೇ ಉರಿಯದೆ ಉಳಿದ ಉರುವಲು.

ಕಿತ್ತ ಪೊದೆಗಳನ್ನು ಎರಡು ವಾರ ಹಾಗೆಯೇ ತಲೆಕೆಳಗಾಗಿ ಬಿಟ್ಟರೆ ಎಲೆ ತಾನಾಗಿ ಉದುರುತ್ತದೆ. ಎಲೆಯನ್ನು ಒಲೆಗೆ ತರುವುದು ಬೇಡ. ಅದರಲ್ಲಿ ಬೂದಿ ಹೆಚ್ಚು, ಹೊಗೆ ಹೆಚ್ಚು. ಅದು ಹೊಲದಲ್ಲೇ ಮಣ್ಣಿಗೆ ಸೇರಲಿ. ಬಳಿಕ ಬೆರಳಿಗಿಂತ ದಪ್ಪನೆಯ ಕಾಂಡಗಳನ್ನು ಮಚ್ಚಿನಿಂದ ಒಂದೂವರೆ ಅಡಿ ತುಂಡುಗಳಾಗಿ ಕಡಿದು, ತೆಳು ಕಡ್ಡಿಗಳನ್ನು ಬೇರೆ ಮಾಡಬೇಕು. ದಪ್ಪ ತುಂಡುಗಳನ್ನು ಕಲ್ಲು ಅಥವಾ ಮರದ ತೊಲೆಯ ಮೇಲೆ, ನೆಲಕ್ಕೆ ತಾಗದಂತೆ, ಅಡ್ಡಡ್ಡ ಒಟ್ಟಿದರೆ ಜನವರಿ ಕಳೆಯುವುದರೊಳಗೆ ಒಣಗುತ್ತವೆ.

ಒಣಗಿತೇ ಇಲ್ಲವೇ ಎಂಬುದಕ್ಕೆ ಯಂತ್ರ ಬೇಕಾಗಿಲ್ಲ. ರಾಶಿಯ ಹಲವು ಕಡೆಯಿಂದ ಆಯ್ದ ಒಂದು ಕಿಲೊ ಕಡ್ಡಿಯನ್ನು ಸಣ್ಣಗೆ ಸೀಳಿ, ಕಬ್ಬಿಣದ ತಟ್ಟೆಯಲ್ಲಿ ಹರಡಿ ಬಿರುಬಿಸಿಲಿಗೆ ಇಡುವುದು; ದಿನವೂ ತೂಗುವುದು. ತೂಕ ಇಳಿಯುವುದು ನಿಂತಾಗ ಅದು 850 ಗ್ರಾಂ ಇದ್ದರೆ ರಾಶಿಯಲ್ಲಿ ಹೆಚ್ಚುಕಡಿಮೆ ಶೇಕಡಾ 15 ತೇವವಿತ್ತೆಂದು ತಿಳಿಯಬೇಕು. 600ಕ್ಕೆ ಇಳಿದರೆ ರಾಶಿ ಇನ್ನೂ ಹಸಿ. ಮುರಿದಾಗ ಬಗ್ಗದೆ ಲಟಕ್ಕನೆ ಸದ್ದಾಗುವುದು ಅನುಭವಸ್ಥರ ಅಳತೆ, ಅದೂ ತಪ್ಪಲ್ಲ.

ಒಣಗಿದ ರಾಶಿ ಈಗ ಬದುವಿನ ಪೊದೆಗಿಂತ ಹೆಚ್ಚಿನ ಬೆಂಕಿಪೆಟ್ಟಿಗೆ ಎಂಬುದು ನೆನಪಿರಲಿ. ಬಣವೆಯಿಂದಲೂ ಮನೆಯಿಂದಲೂ ಕನಿಷ್ಠ ಹತ್ತು ಮೀಟರ್ ದೂರದಲ್ಲಿ ಒಟ್ಟಬೇಕು. ಸುತ್ತ ಒಂದು ಬಾರು ಅಗಲ ನೆಲವನ್ನು ಕೆತ್ತಿ ಹುಲ್ಲಿಲ್ಲದಂತೆ ಮಾಡಬೇಕು. ವಿದ್ಯುತ್ ತಂತಿಯ ಕೆಳಗೆ ಒಟ್ಟಲೇ ಕೂಡದು. ಬೆಂಕಿಯ ಭಯದಿಂದ ಪೊದೆ ಕಿತ್ತು, ಅದನ್ನೇ ಬಣವೆಗೆ ಒರಗಿಸಿ ಇಟ್ಟವರುಂಟು.

ಮನೆಯ ಒಲೆ

ಅತಿ ಸುಲಭದ ಉಪಯೋಗ ಇದೇ. ಇದರಲ್ಲಿ ಸಾಗಣೆಯಿಲ್ಲ, ಯಂತ್ರವಿಲ್ಲ. ಆದರೆ ಒಲೆ ಸರಿಯಿರಬೇಕು. 14.2 ಕಿಲೊದ ಒಂದು ಗ್ಯಾಸ್ ಸಿಲಿಂಡರಿನಲ್ಲಿರುವ ಶಾಖ ಸುಮಾರು ಒಂದೂವರೆ ಲಕ್ಷ ಕಿಲೊ ಕ್ಯಾಲೊರಿ. ಗ್ಯಾಸ್ ಒಲೆಯಲ್ಲಿ ಅದರ ಶೇಕಡಾ 60ರಷ್ಟಾದರೂ ಪಾತ್ರೆಗೆ ಮುಟ್ಟುತ್ತದೆ. ಮೂರು ಕಲ್ಲಿನ ಒಲೆಯಲ್ಲಿ ಮುಟ್ಟುವುದು ಶೇಕಡಾ 10ರಿಂದ 15. ಹೀಗಾಗಿ ಒಂದು ಸಿಲಿಂಡರಿನ ಅಡಿಗೆ ಮಾಡಲು ಮೂರು ಕಲ್ಲಿನ ಒಲೆಗೆ 200 ಕಿಲೊಗೂ ಹೆಚ್ಚು ಒಣ ಲಂಟಾನ ಬೇಕು. ಶೇಕಡಾ 25 ಶಾಖ ಮುಟ್ಟಿಸುವ ಸುಧಾರಿತ ಒಲೆಗೆ ನೂರು ಕಿಲೊ ಆಸುಪಾಸು ಸಾಕು. ಅಂದರೆ ಒಲೆ ಬದಲಿಸುವುದು ಉರುವಲಿನ ರಾಶಿಯನ್ನು ದುಪ್ಪಟ್ಟು ಮಾಡಿಕೊಂಡಂತೆ. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆರಂಭವಾದ ಅಸ್ತ್ರ ಕೇಂದ್ರ ರೂಪಿಸಿದ ಅಸ್ತ್ರ ಒಲೆಯ ಹಿಂದಿದ್ದುದೂ ಇದೇ ವಿಚಾರ: ಬೆಂಕಿಯನ್ನು ಮುಚ್ಚಿದ ಗೂಡಿನಲ್ಲಿ ಉರಿಸಿ, ಹೊಗೆಯನ್ನು ಕೊಳವೆಯಿಂದ ಹೊರಕ್ಕೆ ಕಳಿಸುವುದು. ಹಳೆಯ ಮನೆಗಳಲ್ಲಿ ಇಂದಿಗೂ ಉಳಿದಿರುವ ಸ್ನಾನದ ಹಂಡೆಯ ಒಲೆಗೆ ಲಂಟಾನದ ತೆಳು ಕಡ್ಡಿ ಬಹಳ ಒಪ್ಪುತ್ತದೆ.

ಇದ್ದಿಲು

ಶಿವಾಜಿನಗರದ ಪೇಟೆಗೆ ಲಂಟಾನದ ಕಡ್ಡಿ ಹೊರೆಯನ್ನು ಕೊಂಡೊಯ್ದರೆ ಕೊಳ್ಳುವವರು ಕಡಿಮೆ. ಬೇಕರಿ ಗೂಡಿಗೆ ಹೊತ್ತು ಹಿಡಿದು ಉರಿಯುವ ದಪ್ಪ ಸೌದೆ ಬೇಕು. ಈ ಕಡ್ಡಿ ಭುಗ್ಗೆಂದು ಉರಿದು ಆರುತ್ತದೆ. ಇದ್ದಿಲಾದರೆ ಮಾತು ಬೇರೆ.

ಇನ್ನೂರು ಲೀಟರಿನ ಹಳೆಯ ಡ್ರಮ್ಮಿನ ಮೇಲಿನ ಮುಚ್ಚಳ ತೆಗೆದು, ತಳದ ಸುತ್ತ ಕೆಲವು ತೂತು ಕೊರೆದು, ಮೂರು ಕಲ್ಲುಗಳ ಮೇಲೆ ನಿಲ್ಲಿಸಬೇಕು. ಎಣ್ಣೆ ಅಥವಾ ರಾಸಾಯನಿಕ ತುಂಬಿದ್ದ ಡ್ರಮ್ಮಾದರೆ ಚೆನ್ನಾಗಿ ತೊಳೆದು, ತೆರೆದ ಬಯಲಿನಲ್ಲಿ ಒಮ್ಮೆ ಬರಿದೇ ಕಾಯಿಸಿದ ಬಳಿಕವೇ ಉಪಯೋಗಿಸಬೇಕು. ತಳದಲ್ಲಿ ಸ್ವಲ್ಪ ಬೆಂಕಿ ಮಾಡಿ, ಅದು ಹಿಡಿದ ಮೇಲೆ ಒಣ ಕಡ್ಡಿಯನ್ನು ಹಂತ ಹಂತವಾಗಿ ತುಂಬುತ್ತ ಹೋಗಬೇಕು. ಮೊದಲು ಬರುವ ದಟ್ಟ ಬಿಳಿ ಹೊಗೆ ನೀರಾವಿ. ಹೊಗೆ ತೆಳುವಾಗಿ ನೀಲಿ ಬಣ್ಣಕ್ಕೆ ತಿರುಗಿತೆಂದರೆ ಇದ್ದಿಲಾಯಿತೆಂದು ಅರ್ಥ. ತಡಮಾಡದೆ ಮುಚ್ಚಳ ಹಾಕಿ, ತಳದ ತೂತುಗಳನ್ನೂ ಅಂಚನ್ನೂ ಹಸಿ ಮಣ್ಣಿನಿಂದ ಮೆತ್ತಿ ಗಾಳಿಯನ್ನು ತಡೆಯಬೇಕು. ಮಾರನೆಯ ದಿನ, ಡ್ರಮ್ಮು ಪೂರ್ತಿ ತಣ್ಣಗಾದ ಮೇಲೆಯೇ ತೆಗೆಯಬೇಕು. ಅವಸರಪಟ್ಟು ತೆಗೆದರೆ ಗಾಳಿ ತಾಗಿ ಇದ್ದಿಲೆಲ್ಲ ಕಣ್ಣೆದುರೇ ಬೂದಿಯಾಗುತ್ತದೆ. ಈ ಕೆಲಸವನ್ನು ಮುಚ್ಚಿದ ಕೋಣೆಯಲ್ಲೋ ಷೆಡ್ಡಿನಲ್ಲೋ ಎಂದೂ ಮಾಡಬಾರದು. ಬಣ್ಣವಾಗಲಿ ವಾಸನೆಯಾಗಲಿ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಅನಿಲ ಪ್ರಾಣ ತೆಗೆಯುತ್ತದೆ.

ಡ್ರಮ್ಮಿನ ಗೂಡಿನಲ್ಲಿ ನಾಲ್ಕೈದು ಕಿಲೊ ಒಣ ಕಡ್ಡಿಗೆ ಒಂದು ಕಿಲೊ ಇದ್ದಿಲು ಬರುತ್ತದೆ. ಕಿಲೊ ಇದ್ದಿಲಿನ ಶಾಖ 6,500ರಿಂದ 7,000 ಕಿಲೊ ಕ್ಯಾಲೊರಿ ಇದ್ದರೂ ಕಡ್ಡಿಯಲ್ಲಿದ್ದ ಶಾಖದ ಅರ್ಧಕ್ಕೂ ಹೆಚ್ಚು ಹೊಗೆಯಾಗಿ ಹೋಗಿರುತ್ತದೆ. ಆದ್ದರಿಂದ ಇದ್ದಿಲಿನ ಬೆಲೆ ಸೌದೆಯ ಬೆಲೆಗಿಂತ ಐದು ಪಟ್ಟಿಗೂ ಮೇಲಿದ್ದರೆ ಮಾತ್ರ ಇದ್ದಿಲು ಸುಡುವುದರಲ್ಲಿ ಅರ್ಥವಿದೆ. ಲಂಟಾನದ ಇದ್ದಿಲು ಪುಡಿಯಾಗುವುದು ಹೆಚ್ಚು. ಪುಡಿಯನ್ನು ಎಸೆಯದೆ, ನೂರು ಕಿಲೊಗೆ ಐದರಿಂದ ಎಂಟು ಕಿಲೊ ಮರಗೆಣಸಿನ ಹಿಟ್ಟಿನ ಅಂಟು ಬೆರೆಸಿ, ಕೈಯಚ್ಚಿನಲ್ಲಿ ಒತ್ತಿ ಬಿಸಿಲಿಗೆ ಒಣಗಿಸಿದರೆ ಗಟ್ಟಿ ಬಿಲ್ಲೆಗಳಾಗುತ್ತವೆ. ಮಹಿಳಾ ಸಂಘಗಳು ಕೈಗೊಳ್ಳಬಹುದಾದ ಕೆಲಸ ಇದು. ಮಾರಲಾಗದ ನುಣುಪು ಪುಡಿಯನ್ನು ಗೊಬ್ಬರದ ಗುಂಡಿಗೆ ಸೇರಿಸಿ ಕೆಂಪು ಮಣ್ಣಿನ ಹೊಲಕ್ಕೆ ಹಾಕಿದರೆ ನಷ್ಟವಿಲ್ಲ.

ಬ್ರಿಕೆಟ್ಟು

ಕಾರ್ಖಾನೆಗಳ ಬಾಯ್ಲರುಗಳಿಗೆ ಈಗ ಬ್ರಿಕೆಟ್ಟಿಗೆ ಬೇಡಿಕೆಯುಂಟು. ಕಡ್ಡಿಯನ್ನು ಒಂದು ಸೆಂಟಿಮೀಟರಿಗಿಂತ ಸಣ್ಣಗೆ ಪುಡಿ ಮಾಡಿ, ಶೇಕಡಾ 8ರಿಂದ 12 ತೇವಕ್ಕೆ ಒಣಗಿಸಿ, ಭಾರಿ ಒತ್ತಡದಲ್ಲಿ ಅಚ್ಚಿನೊಳಗೆ ನುಗ್ಗಿಸುತ್ತಾರೆ. ಒತ್ತಡದ ಬಿಸಿಗೆ ಕಟ್ಟಿಗೆಯೊಳಗಿನ ಲಿಗ್ನಿನ್ ಎಂಬ ಅಂಶ ಮೆತ್ತಗಾಗಿ ಅಂಟಿನಂತೆ ಹಿಡಿಯುತ್ತದೆ. ಬೇರೆ ಅಂಟು ಬೇಡ. ಇದರ ಲಾಭವೆಲ್ಲ ಗಾತ್ರದಲ್ಲಿದೆ. ಕಡಿಯದ ಲಂಟಾನವನ್ನು ಟ್ರಾಕ್ಟರ್ ಟ್ರೇಲರಿಗೆ ಎಷ್ಟೇ ತುಳಿದು ತುಂಬಿದರೂ ಅರ್ಧ ಟನ್ ಹಿಡಿಸುವುದು ಕಷ್ಟ. ಬ್ರಿಕೆಟ್ಟಾದರೆ ಒಂದು ಘನ ಮೀಟರ್ ಜಾಗದಲ್ಲೇ 600 ಕಿಲೊಗೂ ಹೆಚ್ಚು ಕೂರುತ್ತದೆ. ಕೃಷ್ಣರಾಜಪುರದಿಂದ ಹೊಸಕೋಟೆಗೆ ಟ್ರಾಕ್ಟರಿನಲ್ಲಿ ಗಾಳಿಯನ್ನು ಸಾಗಿಸಿ ಯಾರೂ ಉದ್ಧಾರವಾಗಲಾರರು.

ಆದರೆ ಗಂಟೆಗೆ ಅರ್ಧ ಟನ್ ಒತ್ತುವ ಯಂತ್ರಕ್ಕೂ ಮೂವತ್ತು ನಲವತ್ತು ಅಶ್ವಶಕ್ತಿಯ ಮೋಟಾರು ಬೇಕು. ದಿನಕ್ಕೆ ನಾಲ್ಕೈದು ಟನ್ ಒಣ ಕಡ್ಡಿ ಒದಗಬೇಕು. ಒಬ್ಬ ರೈತನ ಬದು ಇದಕ್ಕೆ ಒಂದು ದಿನದ ಮೇವಲ್ಲ. ಆದ್ದರಿಂದ ಯಂತ್ರ ಕೊಳ್ಳುವ ಯೋಚನೆ ಬಿಡಿ ರೈತರಿಗೆ ಬೇಡ. ಹತ್ತಿರದಲ್ಲಿ ಕಡಲೆಕಾಯಿ ಸಿಪ್ಪೆ, ಮರದ ಹೊಟ್ಟು ಒತ್ತುವ ಘಟಕವಿದ್ದರೆ, ಹಲವರು ಕೂಡಿ ಕಡ್ಡಿಯನ್ನು ಊರಲ್ಲೇ ಯಂತ್ರದಿಂದ ಸಣ್ಣಗೆ ಕತ್ತರಿಸಿ ಕೊಡಬಹುದು.

ಕಟ್ಟಿಗೆಯನ್ನು ಅನಿಲವಾಗಿಸಿ ಎಂಜಿನ್ ನಡೆಸುವ ಅನಿಲೀಕರಣವೂ ಒಂದು ದಾರಿ. ವಿಜ್ಞಾನ ಸಂಸ್ಥೆಯವರು 1988ರಲ್ಲಿ ತುಮಕೂರು ಜಿಲ್ಲೆಯ ಹೊಸಹಳ್ಳಿಯಲ್ಲಿ ಇಂಥ ಘಟಕ ಸ್ಥಾಪಿಸಿ ದೀಪ, ಕುಡಿಯುವ ನೀರುಗಳಿಗೆ ವಿದ್ಯುತ್ ಒದಗಿಸಿ ತೋರಿಸಿದರು. ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು ಒಂದೂಕಾಲು ಕಿಲೊ ಒಣ ಕಟ್ಟಿಗೆ ಬೇಕು. ದಿನವೂ ನೋಡಿಕೊಳ್ಳುವ ಕೈ ಇಲ್ಲದ ಕಡೆ ಇದು ನಿಲ್ಲದು.

ಕೂಲಿಯ ಲೆಕ್ಕ

ಬದುವಿನಲ್ಲಿ ಎಷ್ಟು ಲಂಟಾನವಿದೆ ಎಂದು ಕಣ್ಣಂದಾಜಿನಲ್ಲಿ ಹೇಳುವುದು ಮೋಸ. ಐದು ಮೀಟರ್ ಉದ್ದ, ಐದು ಮೀಟರ್ ಅಗಲದ ಚೌಕವನ್ನು ಹಗ್ಗದಿಂದ ಗುರುತಿಸಿ, ಅದರೊಳಗಿನದನ್ನೆಲ್ಲ ಕಿತ್ತು ತೂಗಬೇಕು. ಅದು ಕಾಲು ಗುಂಟೆ. ಬಂದ ತೂಕವನ್ನು 160ರಿಂದ ಗುಣಿಸಿದರೆ ಎಕರೆಯ ಲೆಕ್ಕ.

ಒಬ್ಬ ಆಳು ದಿನಕ್ಕೆ 200 ಕಿಲೊ ಹಸಿ ಲಂಟಾನ ಕಿತ್ತು ಒಟ್ಟುತ್ತಾನೆ ಎಂದು ಉದಾಹರಣೆಗೆ ಹಿಡಿಯೋಣ. ಎಲೆ ಉದುರಿ, ತೇವ ಆರಿ ಉಳಿಯುವುದು 80 ಕಿಲೊ. ಕೂಲಿ 500 ರೂಪಾಯಿ ಆದರೆ ಕಿಲೊಗೆ 6 ರೂಪಾಯಿ 25 ಪೈಸೆ ಬಿತ್ತು. ಕಡಿಯುವುದು, ಕಟ್ಟುವುದು, ಸಾಗಿಸುವುದು ಇನ್ನೂ ಬಾಕಿ. ಊರಿನ ಸೌದೆ ಬೆಲೆಯನ್ನು ಪಕ್ಕದಲ್ಲಿಟ್ಟು ನೋಡಿದರೆ ಬಹಳ ಕಡೆ ಇದು ದುಬಾರಿ ಉರುವಲು. ಲಂಟಾನದಿಂದ ಹಣವೇ ಹಣ ಎನ್ನುವವರು ಈ ಕೂಲಿಯನ್ನು ಲೆಕ್ಕಕ್ಕೆ ತೆಗೆದುಕೊಂಡಿರುವುದಿಲ್ಲ.

ಆದರೆ ಲೆಕ್ಕವನ್ನು ಇನ್ನೊಂದು ಕಡೆಯಿಂದ ಹಾಕಬೇಕು. ಬದುವಿನ ಲಂಟಾನವನ್ನು ಹೇಗೂ ತೆಗೆಯಲೇಬೇಕಲ್ಲ? ಬಣವೆಯ ಸುರಕ್ಷತೆ, ಬೆಳೆಗೆ ಬಿಡುವಾಗುವ ಎರಡು ಮೂರು ಮೀಟರ್ ನೆಲ, ಹಾವು ಹಂದಿಗಳಿಗೆ ತಪ್ಪುವ ಆಸರೆ, ಇವುಗಳ ಲೆಕ್ಕಕ್ಕೆ ಆ 500 ರೂಪಾಯಿಯನ್ನು ಬರೆದರೆ ಉರುವಲಿಗೆ ತಗಲುವುದು ಒಣಗಿಸಿ ಕಟ್ಟುವ ಖರ್ಚು ಮಾತ್ರ. ಆಗ ಅದು ಅಗ್ಗ. ಉರುವಲು ಲಂಟಾನ ಕೀಳುವ ಖರ್ಚಿನಲ್ಲಿ ಒಂದು ಪಾಲನ್ನು ಹಿಂದಿರುಗಿಸುವ ವಸ್ತು. ಅದಕ್ಕಾಗಿ ಲಂಟಾನವನ್ನು ಉಳಿಸಿಕೊಳ್ಳುವಂತಿಲ್ಲ. ಆಫ್ರಿಕದ ನಮೀಬಿಯದಲ್ಲಿ ಹುಲ್ಲುಗಾವಲನ್ನು ಮುಳ್ಳುಪೊದೆ ಮುಚ್ಚಿ, ದನಗಳಿಗೆ ಮೇವೂ ಚೀತಾಗಳಿಗೆ ಓಡಲು ಬಯಲೂ ಇಲ್ಲವಾದಾಗ, ಅಲ್ಲಿನ ಚೀತಾ ಸಂರಕ್ಷಣಾ ಸಂಸ್ಥೆ 2000ದ ದಶಕದ ಆರಂಭದಲ್ಲಿ ಪೊದೆ ಕಡಿದು ಬ್ರಿಕೆಟ್ಟು ಮಾಡಿಸಲಾರಂಭಿಸಿತು. ಅಲ್ಲಿಯೂ ಗುರಿ ಹುಲ್ಲು. ಬ್ರಿಕೆಟ್ಟು ಅದಕ್ಕೆ ದಾರಿ.

ಕಾಡಂಚಿನ ರೈತರಿಗೆ

ಚಾಮರಾಜನಗರ, ಮೈಸೂರು ಜಿಲ್ಲೆಗಳ ಕಾಡಂಚಿನಲ್ಲಿ ಲಂಟಾನಕ್ಕೆ ಕೊರತೆಯಿಲ್ಲ. ಹುಣಸೂರು, ಪಿರಿಯಾಪಟ್ಟಣಗಳ ತಂಬಾಕು ಬ್ಯಾರನ್ನುಗಳಿಗೆ ಸೌದೆಯ ಹಸಿವೂ ದೊಡ್ಡದು. ಎರಡನ್ನೂ ಕೂಡಿಸುವ ಯೋಚನೆ ಸಹಜ. ಆದರೆ ಮೀಸಲು ಅರಣ್ಯದಿಂದ ಕಳೆಯನ್ನಾದರೂ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ತರುವಂತಿಲ್ಲ. 1963ರ ಕರ್ನಾಟಕ ಅರಣ್ಯ ಕಾಯಿದೆಯಲ್ಲಿ ಇದ್ದಿಲು ಅರಣ್ಯ ಉತ್ಪನ್ನಗಳ ಪಟ್ಟಿಯಲ್ಲಿದೆ. ಆದ್ದರಿಂದ ಸ್ವಂತ ಜಮೀನಿನ ಕಡ್ಡಿಯಿಂದ ಸುಟ್ಟ ಇದ್ದಿಲನ್ನೂ ಲಾರಿಗೆ ಹೇರುವ ಮೊದಲು ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸುವುದು ಒಳ್ಳೆಯದು. ಮಲೆ ಮಹದೇಶ್ವರ ಬೆಟ್ಟದಲ್ಲಿ ಏಟ್ರೀ ಸಂಸ್ಥೆಯ ನೆರವಿನಿಂದ ಸೋಲಿಗರು 2004ರಿಂದ ಲಂಟಾನದ ಕಾಂಡವನ್ನು ಬೇಯಿಸಿ, ತೊಗಟೆ ತೆಗೆದು ಕುರ್ಚಿ, ಬುಟ್ಟಿಗಳನ್ನು ಮಾಡಲು ಕಲಿತರು. ನೇರವಾದ ಒಳ್ಳೆಯ ಕಾಂಡಕ್ಕೆ ಒಲೆಗಿಂತ ಅದೇ ಹೆಚ್ಚು ಬೆಲೆ ತರುವ ದಾರಿ. ಕುರ್ಚಿಗೆ ಬಾರದ ಸೊಟ್ಟ ಕಡ್ಡಿ ಉರುವಲಿಗಿರಲಿ.

ಕಿತ್ತ ಮೇಲೆ

ಬರಿದಾದ ಬದುವನ್ನು ಹಾಗೆಯೇ ಬಿಟ್ಟರೆ ಅಲ್ಲಿ ಮೊದಲು ಬರುವುದು ಕಾಂಗ್ರೆಸ್ ಗಿಡ, ಅದರ ಹಿಂದೆಯೇ ಮತ್ತೆ ಲಂಟಾನ. ಮುಂಗಾರಿಗೆ ಹುರುಳಿಯನ್ನು ದಟ್ಟವಾಗಿ ಎರಚಿ ನೆಲ ಮುಚ್ಚಬೇಕು. ಬದುವಿನ ಮೇಲೆ ಗಿನಿ ಹುಲ್ಲಿನ ಬುಡಗಳನ್ನು ಅಡಿಗೊಂದರಂತೆ ನೆಡಬೇಕು. ಬೇಲಿಯ ಸಾಲಿಗೆ ಹೊಂಗೆ ಆಗಬಹುದು. ಮಣ್ಣಿನಲ್ಲಿ ಹುದುಗಿದ ಲಂಟಾನದ ಬೀಜ ಒಂದೇ ವರ್ಷದಲ್ಲಿ ಮುಗಿಯುವುದಿಲ್ಲ. ಜೂನ್ ಮತ್ತು ಅಕ್ಟೋಬರಿನಲ್ಲಿ, ಮಳೆ ಬಿದ್ದ ಮಾರನೆಯ ದಿನ, ಬದುವಿನುದ್ದಕ್ಕೂ ಒಮ್ಮೆ ನಡೆದು ಗೇಣುದ್ದದ ಸಸಿಗಳನ್ನು ಕೈಯಿಂದಲೇ ಕೀಳಬೇಕು. ಮೊದಲ ವರ್ಷ ಅರ್ಧ ದಿನದ ಕೆಲಸ, ಮೂರನೆಯ ವರ್ಷಕ್ಕೆ ದನ ಹೊಡೆದುಕೊಂಡು ಹೋಗುವಾಗ ದಾರಿಯಲ್ಲೇ ಮುಗಿಯುವಷ್ಟು.